ಮಾಡದ ಪ್ರಯೋಗದ ರೀಡಿಂಗು

ಮಗಳ ಬಿಎಸ್ಸಿ ಐದನೇ ಸೆಮಿಸ್ಟರಿನ ಕೆಮಿಸ್ಟ್ರಿ ರೆಕಾರ್ಡ್ ಬುಕ್ಕಿನಲ್ಲಿ ಹನ್ನೆರಡು ಪುಟ ನನ್ನ ಅಕ್ಷರದಲ್ಲಿವೆ. ಇದನ್ನ ನಾನು ಇಲ್ಲಿಯವರೆಗೆ ಹೊರಗಿನವರ ಹತ್ತಿರ ಹೇಳಿಲ್ಲ. ನಮ್ಮ ಯಜಮಾನರಿಗೆ ಗೊತ್ತು. ಆದರೆ ಅವರಿಗೆ ಅದೊಂದು ವಿಷಯ ಅಂತಲೇ ಅನ್ನಿಸಿಲ್ಲ. "ಮಕ್ಕಳಿಗೆ ಅಮ್ಮಂದಿರು ಬರೆದುಕೊಡೋದೇನು ಹೊಸದಾ? ಅಣ್ಣನ ಮಗನ ಮ್ಯಾಪೆಲ್ಲ ಅತ್ತಿಗೇನೇ ಬಿಡಿಸ್ತಿದ್ದಿದ್ದು" ಅಂದು ಎಲೆಯಡಿಕೆ ಹಾಕಿಕೊಂಡು ತೋಟಕ್ಕೆ ಹೋದರು. ಮ್ಯಾಪು ಬಿಡಿಸೋದು ಬೇರೆ, ಇದು ಬೇರೆ. ನಾನು ಬರೆದದ್ದು ಮಗಳು ಮಾಡೇ ಇಲ್ಲದ ಪ್ರಯೋಗದ ಫಲಿತಾಂಶ.

ನಮ್ಮದು ಹೊಸನಗರ ತಾಲ್ಲೂಕಿನ ಒಂದು ಮೂಲೆ. ಮೂರು ಮನೆ, ತೋಟ, ಹಿಂದೆ ಗುಡ್ಡ. ಮಗಳು 2018ರಲ್ಲಿ ಪೇಟೆಯ ಡಿಗ್ರಿ ಕಾಲೇಜಿಗೆ ಸೇರಿ ಹಾಸ್ಟೆಲ್ಲಿನಲ್ಲಿದ್ದಳು. 2020ರ ಮಾರ್ಚ್ ಮಧ್ಯದಲ್ಲಿ ಒಂದು ವಾರ ರಜೆ ಅಂತ ಬಂದಳಲ್ಲ, ಎರಡು ಚೂಡಿದಾರ ಮತ್ತು ಒಂದೇ ಒಂದು ಪುಸ್ತಕ ತಂದಿದ್ದಳು. ಆ ಒಂದು ವಾರ ಎಷ್ಟು ಉದ್ದವಾಯಿತು ಅನ್ನೋದು ನಿಮಗೆಲ್ಲ ಗೊತ್ತೇ ಇದೆ. ಉಳಿದ ಪುಸ್ತಕಗಳು ಹಾಸ್ಟೆಲ್ ರೂಮಿನಲ್ಲೇ ಮಳೆಗಾಲ ಕಳೆದು ಬೂಷ್ಟು ಹಿಡಿದವು. ನಾಲ್ಕನೇ ಸೆಮಿಸ್ಟರಿಗೆ ಪರೀಕ್ಷೆಯೇ ಆಗಲಿಲ್ಲ. ಇಂಟರ್ನಲ್ಸು, ಹಿಂದಿನ ಸೆಮಿಸ್ಟರಿನ ಮಾರ್ಕ್ಸು ಎರಡನ್ನೂ ಕೂಡಿಸಿ ಪಾಸು ಮಾಡಿದರು. ಆಗ ನಾವು ಪಾಯಸ ಮಾಡಿಕೊಂಡು ಉಂಡೆವು. ಬದುಕಿ ಉಳಿದದ್ದೇ ದೊಡ್ಡದು ಅನ್ನೋ ಕಾಲ ಅದು.

ಸೆಪ್ಟೆಂಬರಿನಲ್ಲಿ ಆನ್‌ಲೈನ್ ಕ್ಲಾಸು ಶುರುವಾಯಿತು. ಮನೆಯೊಳಗೆ ಫೋನಿಗೆ ಒಂದು ಕಡ್ಡಿಯೂ ಬರೋದಿಲ್ಲ. ಗುಡ್ಡದ ತುದಿಯ ಗೇರುಮರದ ಪಕ್ಕ ಒಂದು ಹಾಸುಬಂಡೆ ಇದೆ, ಅಲ್ಲಿ ಎರಡು ಕಡ್ಡಿ ಸಿಗ್ನಲ್ ಸಿಗುತ್ತದೆ ಅಂತ ದನ ಕಾಯೋ ಹುಡುಗ ಕಂಡುಹಿಡಿದಿದ್ದ. ಯಜಮಾನರು ನಾಲ್ಕು ಅಡಿಕೆ ದಬ್ಬೆ ನೆಟ್ಟು, ಮೇಲೆ ಟಾರ್ಪಲ್ ಕಟ್ಟಿ ಒಂದು ಗುಡಿಸಲು ಮಾಡಿಕೊಟ್ಟರು. ಆ ವರ್ಷ ಮಲೆನಾಡಿನ ಎಷ್ಟೋ ಗುಡ್ಡಗಳ ಮೇಲೆ ಇಂಥ ಗುಡಿಸಲು ಎದ್ದಿದ್ದವು. ಪೇಪರಿನಲ್ಲಿ ಫೋಟೋನೂ ಬರುತ್ತಿತ್ತು, ಕೊಡೆ ಹಿಡಿದು ಮಗಳಿಗೆ ನೆರಳಾಗಿ ನಿಂತ ಅಪ್ಪ, ಬಂಡೆ ಮೇಲೆ ಕೂತ ಮಕ್ಕಳು. ಫೋಟೋ ನೋಡಿದವರು "ಅಬ್ಬಾ, ಎಂಥಾ ಛಲ" ಅನ್ನುತ್ತಿದ್ದರು. ಫೋಟೋದಲ್ಲಿ ಇಂಬಳ ಕಾಣೋದಿಲ್ಲ.

ಕಾಡುಕೋಣದ ಹೆದರಿಕೆಗೆ ಅವಳೊಬ್ಬಳನ್ನೇ ಕಳಿಸೋ ಹಾಗಿರಲಿಲ್ಲ. ಬೆಳಿಗ್ಗೆ ತಿಂಡಿ ಮುಗಿಸಿ, ಕಂಬಳಿ ಕೊಪ್ಪೆ ಹಾಕಿಕೊಂಡು ನಾನೂ ಹತ್ತುತ್ತಿದ್ದೆ. ಕಾಲಿಗೆ ಸುಣ್ಣ-ತಂಬಾಕು ಹಚ್ಚಿಕೊಂಡು, ಅರಳೆ ತೆಗೆದುಕೊಂಡು ಹೋಗಿ ಹೂಬತ್ತಿ ಮಾಡುತ್ತ ಕೂರುತ್ತಿದ್ದೆ. ನಾನು ಪಿಯುಸಿಗೇ ನಿಲ್ಲಿಸಿದವಳು. ಇಪ್ಪತ್ತೈದು ವರ್ಷದ ಮೇಲೆ ಹೂಬತ್ತಿ ಮಾಡುತ್ತ ಡಿಗ್ರಿ ಪಾಠ ಕೇಳಿದೆ ಅಂತ ಹೇಳಿದರೆ ನಗು ಬರುತ್ತದೆ. ಆದರೆ ನಾನು ಗಮನಿಸಿದ್ದು ಪಾಠವನ್ನಲ್ಲ, ಪಾಠ ಮಾಡುವವರ ಧ್ವನಿಯನ್ನ. "ನನ್ನ ಧ್ವನಿ ಕೇಳಿಸ್ತಿದೆಯಾ? ಸ್ಕ್ರೀನ್ ಕಾಣ್ತಿದೆಯಾ?" ಅಂತ ಆ ಮೇಷ್ಟ್ರು ಹತ್ತು ನಿಮಿಷಕ್ಕೊಮ್ಮೆ ಕೇಳೋರು. ಅರವತ್ತು ಮಕ್ಕಳಲ್ಲಿ ಒಬ್ಬ ಯಾರೋ "ಎಸ್ ಸರ್" ಅಂದರೆ ಅಂದ, ಇಲ್ಲದಿದ್ದರೆ ಅದೂ ಇಲ್ಲ. ಪರದೆ ತುಂಬ ಕಪ್ಪು ಚೌಕ, ಚೌಕಕ್ಕೊಂದು ಹೆಸರು. ಅವರ ಹಿಂದೆ ಕುಕ್ಕರ್ ಕೂಗಿದ್ದೂ ಕೇಳುತ್ತಿತ್ತು. ಗೋಡೆಯ ಕ್ಯಾಲೆಂಡರನ್ನೇ ತಿರುವಿ ಹಾಕಿ, ಅದರ ಬೆನ್ನ ಮೇಲೆ ಸಮೀಕರಣ ಬರೆದು ತೋರಿಸುತ್ತಿದ್ದರು. ಅವರು ಅತಿಥಿ ಉಪನ್ಯಾಸಕರು, ತಿಂಗಳುಗಟ್ಟಲೆ ಅವರಿಗೆ ಸಂಬಳವೇ ಆಗಿರಲಿಲ್ಲ ಅಂತ ಆಮೇಲೆ ತಿಳಿಯಿತು.

"ಯಾಕೆ ಪುಟ್ಟಿ ಯಾರೂ ಮಾತಾಡಲ್ಲ? ಪಾಪ, ಅವರು ಗೋಡೆ ಹತ್ತಿರ ಮಾತಾಡಿದ ಹಾಗಾಯ್ತಲ್ಲ" ಅಂದೆ.

"ಮೈಕ್ ಆನ್ ಮಾಡಿದ್ರೆ ಎಲ್ಲರ ಮನೆ ಸದ್ದೂ ಎಲ್ಲರಿಗೂ ಕೇಳುತ್ತೆ ಅಮ್ಮ. ಯಾರಿಗೆ ಬೇಕು?"

ಅವಳು ಹೇಳಿದ್ದು ಬೇರೆಯವರ ಸುದ್ದಿಯಲ್ಲ ಅಂತ ನನಗೆ ಗೊತ್ತಿತ್ತು. ಹಿಂದಿನ ವಾರ ಅವಳು ಏನೋ ಡೌಟು ಕೇಳಲು ಮೈಕ್ ಆನ್ ಮಾಡಿದ ಹೊತ್ತಿಗೇ ಪಕ್ಕದ ಮನೆಯ ಎಮ್ಮೆ ಗುಡಿಸಲಿಗೆ ನುಗ್ಗಿ, ನಾನು "ಹೈ ಹೈ, ನಿನ್ ಮನೆ ಹಾಳಾಗ" ಅಂತ ಕೂಗಿಬಿಟ್ಟಿದ್ದೆ. ಕ್ಲಾಸಿಗೆ ಕ್ಲಾಸೇ ನಕ್ಕಿತಂತೆ. ಅದು ಒಳ್ಳೆಯ ನಗುವೇ ಇರಬಹುದು. ಕಾಲೇಜಿನಲ್ಲಾದರೆ ಇವಳೂ ಸೇರಿ ನಗುತ್ತಿದ್ದಳೋ ಏನೋ. ಮುಖ ಕಾಣದ ಕಡೆಯಿಂದ ಬಂದ ನಗುವನ್ನ ಅವಳು ಬೇರೆ ಥರ ತೆಗೆದುಕೊಂಡಳು. ಆ ಸೆಮಿಸ್ಟರ್ ಮುಗಿಯುವವರೆಗೂ ಅವಳು ಇನ್ನೊಂದು ಡೌಟು ಕೇಳಿದ್ದನ್ನ ನಾನು ನೋಡಲಿಲ್ಲ.

ಅಡಿಕೆ ಕೊಯ್ಲಿನ ಹೊತ್ತಿಗೆ ನಮ್ಮ ಮೂರೂ ಮನೆಯವರು ದುಡ್ಡು ಹಾಕಿ, ಮರದಿಂದ ಮರಕ್ಕೆ ಕೇಬಲ್ ಎಳೆಸಿ ವೈಫೈ ತಂದೆವು. ಮಂಗ ಹಾರಿದರೆ, ಗಾಳಿಗೆ ಹೆಡಲು ಬಿದ್ದರೆ ಕಟ್ಟು. ಆದರೂ ಗುಡ್ಡ ಹತ್ತೋದು ತಪ್ಪಿತು. ಆ ಸಲ ಅಡಿಕೆ ಸುಲಿಯಲು ಬಂದ ಗುಂಪಿನಲ್ಲಿ ಒಬ್ಬ ಹುಡುಗ ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮೆಟ್ಟುಗತ್ತಿ ಮುಂದೆ ಕೂತಿದ್ದ. ಹಾಡು ಕೇಳುತ್ತಿದ್ದಾನೆ ಅಂದುಕೊಂಡು ನಾನು ಚಹಾ ತೆಗೆದುಕೊಂಡು ಹೋದರೆ, ಅವನು ಚೊಗರು ಹತ್ತಿದ ಕೈಯ ಕಿರುಬೆರಳಿನಲ್ಲಿ ಫೋನು ಒತ್ತಿ "ಪ್ರೆಸೆಂಟ್ ಸರ್" ಅಂದ. ಅದೇ ಹೊತ್ತಿಗೆ ಒಳಗಿನ ಕೋಣೆಯಿಂದ ಮಗಳ "ಪ್ರೆಸೆಂಟ್ ಸರ್" ಕೇಳಿಸಿತು. ಇಬ್ಬರೂ ಒಂದೇ ಕ್ಲಾಸು! ಎರಡು ವರ್ಷ ಒಂದೇ ಕೊಠಡಿಯಲ್ಲಿ ಕೂತಿದ್ದರೂ ಅವನ ಮನೆ ನಮ್ಮಿಂದ ಆರು ಕಿಲೋಮೀಟರು ಅಂತ ಇವಳಿಗೆ ಗೊತ್ತಿರಲಿಲ್ಲ.

"ನಿಮ್ಮನೆಗೆ ಸುಲಿಯೋಕೆ ಬರೋಕೆ ನಾನೇ ಹಟ ಮಾಡಿದ್ದು ಆಂಟಿ, ನೆಟ್ ಫ್ರೀ ಸಿಗುತ್ತಲ್ಲ" ಅಂತ ನಕ್ಕ. ಸುಲಿತಕ್ಕೆ ಡಬ್ಬದ ಲೆಕ್ಕದಲ್ಲಿ ಕೂಲಿ. ಎಷ್ಟು ಡಬ್ಬ ತುಂಬಿದರೆ ಅಷ್ಟು ದುಡ್ಡು. ಅಪ್ಪನ ಹೋಟೆಲ್ ಕೆಲಸ ಬೆಂಗಳೂರಿನಲ್ಲಿ ನಿಂತುಹೋಗಿತ್ತು. ಆ ತಿಂಗಳು ಅವನಿಗೆ ನೂರಕ್ಕೆ ನೂರು ಹಾಜರಾತಿ. ಕಾಲೇಜಿನ ಲೆಕ್ಕದಲ್ಲಿ ಅವನಷ್ಟು ಶ್ರದ್ಧೆಯ ಹುಡುಗ ಇನ್ನೊಬ್ಬನಿಲ್ಲ. ನಾನು ಅವನ ಮೇಲೆ ತಪ್ಪು ಹೊರಿಸುತ್ತಿಲ್ಲ, ನೆಟ್ಟಗೆ ಹೇಳಬೇಕೆಂದರೆ ಒಳಗೆ ಮಂಚದ ಮೇಲೆ ಕೂತಿದ್ದ ನನ್ನ ಮಗಳಿಗಿಂತ ಅವನೇ ಆ ದಿನ ಹೆಚ್ಚು ಪಾಠ ಕೇಳಿದ್ದನೇನೋ. ಇವಳು ಅಷ್ಟು ಹೊತ್ತಿಗೆ ರೆಕಾರ್ಡ್ ಮಾಡಿದ ಪಾಠವನ್ನ ಆಮೇಲೆ ಒಂದೂವರೆ ಪಟ್ಟು ವೇಗದಲ್ಲಿ ಕೇಳೋದು ಕಲಿತಿದ್ದಳು. ಆ ರೋಗ ಮನೆಗೂ ಹತ್ತಿತು. ನಾನೇನಾದರೂ ಹೇಳಲು ಹೊರಟರೆ, "ಅಮ್ಮ, ಬೇಗ ಹೇಳು, ಪಾಯಿಂಟಿಗೆ ಬಾ" ಅನ್ನೋಳು.

ಇನ್ನು ರೆಕಾರ್ಡಿನ ವಿಷಯ. ನವೆಂಬರಿನಲ್ಲಿ ಕಾಲೇಜು ತೆರೆದರೂ ಬರೋದು ಬಿಡೋದು ಮಕ್ಕಳಿಗೆ ಬಿಟ್ಟದ್ದು ಅಂತಿತ್ತು. ಬಸ್ಸು ಸರಿಯಾಗಿಲ್ಲ, ಹಾಸ್ಟೆಲ್ ತೆರೆದಿಲ್ಲ, ಮನೆಯಲ್ಲಿ ಎಂಬತ್ತು ದಾಟಿದ ಅತ್ತೆ. ನಾವೇ ಬೇಡ ಅಂದೆವು. ಡಿಸೆಂಬರ್ ಕೊನೆಗೆ ರೆಕಾರ್ಡ್ ಬರೆದು ಸಿದ್ಧ ಇಟ್ಟುಕೊಳ್ಳಿ, ಕಾಲೇಜು ಪೂರ್ತಿ ಶುರುವಾದ ಕೂಡಲೇ ಪ್ರಾಕ್ಟಿಕಲ್ ಪರೀಕ್ಷೆ ಅಂತ ಮೆಸೇಜು ಬಂತು. ಪೇಟೆಯಲ್ಲೇ ಮನೆ ಇದ್ದ ನಾಲ್ಕಾರು ಮಕ್ಕಳು ಲ್ಯಾಬಿಗೆ ಹೋಗಿ ಒಂದಿಷ್ಟು ಪ್ರಯೋಗ ಮಾಡಿದ್ದರು. ಅವರ ರೀಡಿಂಗು ವಾಟ್ಸ್ಯಾಪಿನಲ್ಲಿ ಊರೂರು ಸುತ್ತಿತು. ಮಗಳಿಗೆ ಕಣ್ಣುರಿ, ತಲೆನೋವು, ಮೇಲಿಂದ ಎರಡು ಇಂಟರ್ನಲ್ ಟೆಸ್ಟು.

"ಅಮ್ಮಾ, ನಿನ್ನ ಅಕ್ಷರ ಚೆನ್ನಾಗಿದೆಯಲ್ಲ, ಸ್ವಲ್ಪ ಬರ್ಕೊಡ್ತೀಯಾ? ನೋಡಿ ಇಳಿಸೋದಷ್ಟೇ."

ಬರೆದುಕೊಟ್ಟೆ. ಸಂತೋಷದಿಂದಲೇ ಬರೆದುಕೊಟ್ಟೆ, ಸುಳ್ಳು ಯಾಕೆ ಹೇಳಲಿ. ಶಾಲೆಯಲ್ಲಿ ದುಂಡಗಿನ ಅಕ್ಷರಕ್ಕೆ ಬಹುಮಾನ ತೆಗೆದುಕೊಂಡವಳು ನಾನು. ರಾತ್ರಿ ಅಡಿಕೆ ಬೇಯೋ ಒಲೆ ಕಾಯುತ್ತ, ಸ್ಕೇಲಿಟ್ಟು ಗೆರೆ ಎಳೆದು ಕೋಷ್ಟಕ ಹಾಕಿದೆ. ಅದರಲ್ಲೊಂದು ನೀರಿನ ಗಡಸುತನ ಕಂಡುಹಿಡಿಯೋ ಪ್ರಯೋಗ. ಬಾವಿ ನೀರನ್ನ ಐವತ್ತು ಎಂಎಲ್ ತೆಗೆದುಕೊಂಡು, ಒಂದು ಬಣ್ಣದ ಪುಡಿ ಹಾಕಿ, ಮೇಲಿನ ಬ್ಯೂರೆಟ್ಟಿನಿಂದ ಇಡಿಟಿಎ ಅನ್ನೋ ದ್ರಾವಣವನ್ನ ಹನಿಹನಿಯಾಗಿ ಬಿಡಬೇಕು. ದ್ರಾಕ್ಷಿ ಕೆಂಪಿನ ನೀರು ನೀಲಿಯಾದ ಕೂಡಲೇ ನಿಲ್ಲಿಸಿ ಎಷ್ಟು ಖರ್ಚಾಯಿತು ಅಂತ ಓದಿಕೊಳ್ಳಬೇಕು. ವಾಟ್ಸ್ಯಾಪಿನಲ್ಲಿ 12.4, 12.3, 12.3 ಅಂತ ಇತ್ತು.

"ಎಲ್ಲರದ್ದೂ ಒಂದೇ ಇದ್ರೆ ಡೌಟು ಬರುತ್ತೆ. ಒಂದು ಪಾಯಿಂಟ್ ಕಡಿಮೆ ಮಾಡಿ ಹಾಕು" ಅಂದಳು ಒಳಗಿನಿಂದ.

12.3, 12.2, 12.2 ಅಂತ ಬರೆದೆ. ಲೆಕ್ಕ ಮಾಡಿ ಅವಳು ಹೇಳಿದಳು, ಲೀಟರಿಗೆ 244 ಮಿಲಿಗ್ರಾಂ. ಅದನ್ನೂ ಬರೆದು ಕೆಳಗೆ ಎರಡು ಗೆರೆ ಎಳೆದೆ. "ಕೊಟ್ಟ ಬಾವಿ ನೀರಿನ ಮಾದರಿ" ಅಂತ ಮೇಲೆ ಬರೆದಿತ್ತಲ್ಲ, ನಮ್ಮ ಬಾವಿ ನಾನು ಕೂತ ಜಾಗದಿಂದ ಹತ್ತು ಹೆಜ್ಜೆ ದೂರದಲ್ಲಿತ್ತು. ಆಗ ಅದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಜನವರಿ 15ಕ್ಕೆ ಕಾಲೇಜು ಪೂರ್ತಿ ತೆರೆಯಿತು. ಪ್ರಯೋಗ ಎಲ್ಲ ಎಂಟೇ ದಿನದಲ್ಲಿ ಮುಗಿಸಿದರಂತೆ. ಹತ್ತು ಜನಕ್ಕೆ ಎರಡು ಬ್ಯೂರೆಟ್ಟು. ಕೈ ಪಳಗಿದ ಒಬ್ಬಿಬ್ಬರು ಮಾಡೋದು, ಉಳಿದವರು ಸುತ್ತ ನಿಂತು ನೋಡೋದು. ಮಗಳ ಪಾಲಿಗೆ ಬಂದದ್ದು ರೀಡಿಂಗ್ ಬರೆದುಕೊಳ್ಳೋ ಕೆಲಸ. ನನ್ನ ಮಗಳೇ ತಾನೆ! ಕಾಲೇಜಿನವರನ್ನ ಬೈಯಲು ನನಗೆ ಮನಸ್ಸಿಲ್ಲ. ಅವರಿಗೂ ಪರೀಕ್ಷೆಯ ದಿನಾಂಕ ಕುತ್ತಿಗೆಗೆ ಕೂತಿತ್ತು. ಏಪ್ರಿಲ್ ಕೊನೆಗೆ ಎರಡನೇ ಅಲೆ, ಮತ್ತೆ ಲಾಕ್‌ಡೌನು, ಮತ್ತೆ ಮಂಚದ ಮೇಲೆ ಕಾಲೇಜು. ಆರನೇ ಸೆಮಿಸ್ಟರಿನ ಪ್ರಯೋಗಕ್ಕೆ ವರ್ಚುವಲ್ ಲ್ಯಾಬು ಅಂತ ಫೋನಿನಲ್ಲೇ ಬಂತು. ಪರದೆಯ ಮೇಲಿನ ನಲ್ಲಿಯನ್ನ ಬೆರಳಲ್ಲಿ ತಿರುಗಿಸಿದರೆ ಹನಿ ಬೀಳುತ್ತದೆ, ಬಣ್ಣ ಸರಿಯಾದ ಹೊತ್ತಿಗೆ ಸರಿಯಾಗಿ ಬದಲಾಗುತ್ತದೆ. ತತ್ವ ತಿಳಿಯಲು ಅದು ಒಳ್ಳೆಯದೇ ಅಂತ ಅವಳೇ ಹೇಳುತ್ತಾಳೆ. ನನಗೆ ಮಾತ್ರ ಟಿವಿಯಲ್ಲಿ ಮೈಸೂರುಪಾಕು ಮಾಡೋದು ನೋಡಿದ ಹಾಗಿತ್ತು. ಪಾಕ ಬಂದದ್ದು ಗೊತ್ತಾಗೋದು ಬೆರಳಿಗೆ, ಅದೂ ನಾಲ್ಕು ಸಲ ಕಲ್ಲಾಗಿ, ನಾಲ್ಕು ಸಲ ಪುಡಿಯಾದ ಮೇಲೆ.

ಡಿಸ್ಟಿಂಕ್ಷನ್ ಬಂತು. ಸುಲಿಯೋ ಹುಡುಗ ಕೊನೆಯ ಪರೀಕ್ಷೆ ಕಟ್ಟಲೇ ಇಲ್ಲ. ಅಷ್ಟರಲ್ಲಿ ಅವನು ಪಿಕಪ್ ಗಾಡಿ ಓಡಿಸಲು ಸೇರಿದ್ದ.

2021ರ ಡಿಸೆಂಬರಿನಲ್ಲಿ ಬೆಂಗಳೂರಿನ ಒಂದು ಔಷಧಿ ಕಂಪನಿಯಲ್ಲಿ ಲ್ಯಾಬ್ ಕೆಲಸಕ್ಕೆ ಸಂದರ್ಶನ. ನನ್ನ ತಮ್ಮನ ಮನೆಯಲ್ಲಿ ಉಳಿದುಕೊಂಡು ಹೋದಳು. ಮಾರ್ಕ್ಸ್ ಕಾರ್ಡು ನೋಡಿ ಒಳ್ಳೆಯ ಮಾತಾಡಿದರಂತೆ. ಆಮೇಲೆ ಒಂದು ಮೇಜಿನ ಮುಂದೆ ನಿಲ್ಲಿಸಿ, ಒಂದು ಸಣ್ಣ ಟೈಟ್ರೇಶನ್ ಮಾಡಿ ತೋರಿಸು ಅಂದರು. ಮೊದಲನೇ ವರ್ಷದ ಮಕ್ಕಳು ಮಾಡುವಂಥದ್ದು. ಹನಿ ಬಿಡುತ್ತ ಬಿಡುತ್ತ ಬಣ್ಣ ಇಲ್ಲದ ನೀರು ಸುಮ್ಮನೆ ಗುಲಾಬಿ ಛಾಯೆಗೆ ತಿರುಗಬೇಕು, ಅಲ್ಲಿ ನಿಲ್ಲಿಸಬೇಕು. ಒಂದು ಹನಿ ಹೆಚ್ಚಾದರೂ ಲೆಕ್ಕ ತಪ್ಪಿತು. ಬ್ಯೂರೆಟ್ಟನ್ನ ಬರೀ ನೀರಲ್ಲಿ ತೊಳೆದರೆ ಸಾಲದು, ತುಂಬಿಸುವ ದ್ರಾವಣದಿಂದಲೇ ಒಮ್ಮೆ ತೊಳೆಯಬೇಕು ಅನ್ನೋದು ಅವಳಿಗೆ ಮರೆತೇಹೋಗಿತ್ತು. ಪುಸ್ತಕದಲ್ಲಿ ಕೇಳಿದ್ದರೆ ಬರೆದಿರೋಳು. ಕೈಗೆ ನೆನಪಿರಲಿಲ್ಲ. ನಲ್ಲಿ ತಿರುಗಿಸೋ ಎಡಗೈ ನಡುಗಿ, ನೀರು ಗಾಢ ಗುಲಾಬಿಯಾಯಿತು. ಇನ್ನೊಂದು ಸಲ ಮಾಡು ಅಂದರು. ಇನ್ನೊಂದು ಸಲವೂ ಹಾಗೇ.

ಅಲ್ಲಿದ್ದ ಹೆಂಗಸು ಬೈಯಲಿಲ್ಲ. "ಯಾವ ವರ್ಷ ಪಾಸಾಗಿದ್ದು?" ಅಂತ ಕೇಳಿದರು. 2021 ಅಂದಳು.

"ಓ, ಕೋವಿಡ್ ಬ್ಯಾಚಾ" ಅಂದು, ಹಾಳೆಯಲ್ಲಿ ಏನೋ ಬರೆದುಕೊಂಡರು.

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಆ ಮೆತ್ತಗಿನ ಮಾತನ್ನ ತಡೆದುಕೊಳ್ಳಲಾಗಲಿಲ್ಲ. ರಾತ್ರಿ ಬಸ್ಸಿಗೆ ಬಂದವಳು ಮೂರು ದಿನ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಫೋನೂ ಮುಟ್ಟಲಿಲ್ಲ, ಅದೊಂದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಮೂರನೇ ದಿನ ರಾತ್ರಿ ಅಡುಗೆಮನೆಗೆ ಬಂದು ಗೋಡೆಗೆ ಒರಗಿ ಕೂತು, "ನನ್ನ ಡಿಗ್ರಿ ಸುಳ್ಳು ಕಣಮ್ಮ" ಅಂದಳು.

ನಾನು ಸಮಾಧಾನ ಮಾಡಬೇಕಿತ್ತು. ದೇಶಕ್ಕೆ ದೇಶವೇ ಹಾಗಿತ್ತು, ನಿನ್ನದೊಬ್ಬಳದ್ದೇ ಅಲ್ಲ, ನೀನೇನು ಮಾಡ್ತಿದ್ದೆ ಅಂತ. ಅದೆಲ್ಲ ನಿಜವೂ ಹೌದು. ಬಾಯಿಗೆ ಬಂದದ್ದು ಬೇರೆ. "ಹನ್ನೆರಡು ಪುಟ ನಂದು" ಅಂದೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಗಿ ಜೋರಾಗಿ ನಕ್ಕಳು, ನಕ್ಕು ನಕ್ಕು ಅತ್ತಳು. ನಾನೂ ಅತ್ತೆ. ಅತ್ತೆ ಹಾಸಿಗೆಯಿಂದಲೇ "ಯಾರಿಗೆ ಏನಾಯ್ತೇ?" ಅಂತ ಕೂಗಿದರು.

ಸಂಕ್ರಾಂತಿ ಕಳೆದ ಮೇಲೆ ಅವಳು ಅದೇ ಕ್ಯಾಲೆಂಡರ್ ಮೇಷ್ಟ್ರಿಗೆ ಫೋನ್ ಮಾಡಿದಳು. ಮೂರು ವರ್ಷದಲ್ಲಿ ಅವಳಾಗಿ ಅವರಿಗೆ ಮಾಡಿದ ಮೊದಲನೇ ಫೋನು ಅದು. ಅವರು ದೊಡ್ಡ ಮಾತು ಆಡಲಿಲ್ಲ. ಮೂರು ಗಂಟೆಗೆ ಲ್ಯಾಬ್ ಖಾಲಿ ಇರುತ್ತೆ, ಪ್ರಿನ್ಸಿಪಾಲರನ್ನ ಕೇಳ್ತೀನಿ, ಬಾ ಅಂದರು. ಇಪ್ಪತ್ತು ದಿನ ಹೋದಳು, ಹೋಗಿ ಬರಲು ಬಸ್ಸಿನಲ್ಲಿ ನಾಲ್ಕು ತಾಸು. ಮೊದಲ ಎರಡು ದಿನ ಬರೀ ಬ್ಯೂರೆಟ್ ತೊಳೆಯೋದು, ನೀರು ತುಂಬಿಸೋದು, ಹನಿ ನಿಲ್ಲಿಸೋದು. ಅವಳ ಜೊತೆಗೆ ಇನ್ನೂ ಇಬ್ಬರು ಹಳೆಯ ವಿದ್ಯಾರ್ಥಿಗಳು ಬರತೊಡಗಿದರಂತೆ. ಅವರಿಗೂ ಎಲ್ಲೋ ಒಂದು ಕಡೆ ಹೀಗೇ ಆಗಿತ್ತೋ ಏನೋ, ಯಾರೂ ಕೇಳಿಕೊಳ್ಳಲಿಲ್ಲ. ಆ ಇಪ್ಪತ್ತು ದಿನದಲ್ಲಿ ಅವಳು ಮನೆಗೆ ಬಂದು ಹೇಳುತ್ತಿದ್ದದ್ದು ಟೈಟ್ರೇಶನ್ ಸುದ್ದಿಗಿಂತ ಆ ಇಬ್ಬರ ಸುದ್ದಿಯೇ ಹೆಚ್ಚು. ಯಾರು ಏನು ಒಡೆದರು, ಯಾರ ಡಬ್ಬಿಯಲ್ಲಿ ಏನಿತ್ತು, ಬಸ್ ಸ್ಟ್ಯಾಂಡಿನ ಮಿರ್ಚಿಗೆ ಯಾರು ದುಡ್ಡು ಕೊಟ್ಟರು ಅಂತ. ಅವಳು ಪಾಯಿಂಟಿಗೆ ಬರದೆ ಮಾತಾಡಿದ್ದನ್ನ ನಾನು ಎರಡು ವರ್ಷದ ಮೇಲೆ ಕೇಳಿದೆ. ಈಗ ಅವಳು ಮಂಗಳೂರಿನಲ್ಲಿ ಒಂದು ಆಹಾರ ಪರೀಕ್ಷೆಯ ಲ್ಯಾಬಿನಲ್ಲಿದ್ದಾಳೆ, ಆ ಕೆಲಸ ಸಿಕ್ಕಿದ್ದು ಅದಾದ ಆರು ತಿಂಗಳಿಗೆ.

ನಮ್ಮ ಮಗ ಈಗ ಡಿಗ್ರಿ ಎರಡನೇ ವರ್ಷ. ಕಾಲೇಜಿಗೆ ದಿನಾ ಹೋಗುತ್ತಾನೆ, ಆದರೂ ಅರ್ಧ ಕಾಲೇಜು ಫೋನಿನಲ್ಲೇ ಇದೆ. ಸ್ವಯಂ ಅನ್ನೋ ಸರ್ಕಾರದ ಜಾಲತಾಣದಲ್ಲಿ ಒಂದು ಕೋರ್ಸು ತೆಗೆದುಕೊಂಡಿದ್ದಾನೆ. ಸೆಮಿಸ್ಟರಿನ ಕ್ರೆಡಿಟ್ಟಿನಲ್ಲಿ ನೂರಕ್ಕೆ ನಲವತ್ತರಷ್ಟನ್ನ ಹಾಗೆ ಆನ್‌ಲೈನಿನಲ್ಲೇ ಗಳಿಸಲು ಯುಜಿಸಿ 2021ರಲ್ಲೇ ಅವಕಾಶ ಕೊಟ್ಟಿದೆ. ಒಳ್ಳೆಯ ಪಾಠಗಳೇ, ನಾನೂ ಪಕ್ಕದಲ್ಲಿ ಕೂತು ಇತಿಹಾಸದ್ದು ಕೇಳಿದೆ. ನಮ್ಮ ಊರಿನ ಹುಡುಗರಿಗೆ ಅಷ್ಟು ದೊಡ್ಡ ಪ್ರೊಫೆಸರುಗಳು ಇನ್ನೆಲ್ಲಿ ಸಿಗಬೇಕು? ಮೊನ್ನೆ ಅವನು ಅಸೈನ್‌ಮೆಂಟ್ ಹಾಳೆ ಹಿಡಿದು ನನ್ನ ಹತ್ತಿರ ಬಂದು, ನನ್ನ ಮುಖ ನೋಡಿ, ಏನೂ ಕೇಳದೆ ವಾಪಸ್ ಹೋದ. ಅಕ್ಕ ಹೇಳಿರಬೇಕು.

ಆ ಇಪ್ಪತ್ತು ದಿನಗಳಲ್ಲಿ ಒಂದು ಬೆಳಿಗ್ಗೆ ಅವಳು ಹೊರಡೋ ಮುಂಚೆ ಬಾವಿಕಟ್ಟೆಗೆ ಹೋಗಿ, ತೊಳೆದ ಒಂದು ಲೀಟರ್ ಬಾಟಲಿಯಲ್ಲಿ ನೀರು ತುಂಬಿಕೊಂಡಳು. "ಪೇಟೇಲಿ ನೀರಿಲ್ವಾ?" ಅಂದರು ಅತ್ತೆ. ಅವಳು ಸುಮ್ಮನೆ ನಕ್ಕಳು. ಸಂಜೆ ನಾನು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಾಗ ಬಂದು ಬಾಗಿಲಲ್ಲಿ ನಿಂತಳು.

"1.7 ಅಮ್ಮ. ಮೂರು ಸಲವೂ 1.7. ನೀಲಿ ಆಗೇಬಿಡ್ತು, ನಾನು ಇನ್ನೂ ಬೇಕು ಅಂತ ಕಾಯ್ತಿದ್ದೆ."

"ಅಂದ್ರೆ ಎಷ್ಟು?"

"ಲೀಟರಿಗೆ 34. ಅದಕ್ಕೇ ನಮ್ಮನೇಲಿ ಬೇಳೆ ಅಷ್ಟು ಬೇಗ ಬೇಯೋದು. ನೀನು ಬರೆದಿದ್ದು 244. ಕುಡಿಯೋ ನೀರಿಗೆ 200 ದಾಟಬಾರದು ಅಂತಾರೆ."

ಕೈ ತೊಳೆದುಕೊಂಡು ಬಂದು ಅಟ್ಟದಿಂದ ರೆಕಾರ್ಡ್ ಬುಕ್ಕು ಇಳಿಸಿದೆವು. ಬಚ್ಚಲೊಲೆಗೆ ಹಾಕೋಣ ಅಂತ ನಾನು ಎಷ್ಟೋ ಸಲ ಅಂದುಕೊಂಡಿದ್ದ ಪುಸ್ತಕ ಅದು. ಆ ಪುಟ ತೆಗೆದು, ನನ್ನ ದುಂಡಗಿನ 12.2ರ ಪಕ್ಕದಲ್ಲಿ ಅವಳು ಪೆನ್ಸಿಲಿನಲ್ಲಿ 1.7 ಅಂತ ಬರೆದಳು. ಅವಳ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು.